ಯಂತ್ರ ನಿಲ್ಲಿಸದ ಕವನಗಳು

ನನ್ನ ತಮ್ಮ ಕವಿ. ಊರೆಲ್ಲ ಅವನನ್ನು ಹೊಗಳುತ್ತದೆ, ನಾನು ಮಾತ್ರ ಆ ವಿಷಯದಲ್ಲಿ ಜಿಪುಣಿ. ಹೊಸದೇನಾದರೂ ಬರೆದರೆ ಅಚ್ಚಿಗೆ ಕೊಡುವ ಮೊದಲು ನನ್ನ ಹೊಲಿಗೆ ಅಂಗಡಿಗೆ ಬಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂತು ಓದುವುದು ಅವನ ಪದ್ಧತಿ. ನಾನು ಯಂತ್ರ ತುಳಿಯುತ್ತಲೇ ಕೇಳುತ್ತೇನೆ. ಕಾಲು ತಾನಾಗಿ ನಿಂತರೆ ಕವನ ಪಾಸು. ನಿಲ್ಲದಿದ್ದರೆ ಮುಖ ಊದಿಸಿಕೊಂಡು ಎದ್ದುಹೋಗಿ ತಿದ್ದಿಕೊಂಡು ಬರುತ್ತಿದ್ದ.

ಅಮ್ಮ ಹೋದ ಮೇಲೆ ಅವಳ ಬಗ್ಗೆ ಬರೆದ ಮೊದಲ ಕವನಕ್ಕೆ ಕಾಲು ನಿಂತದ್ದಷ್ಟೇ ಅಲ್ಲ, ಯಾರದೋ ಅಂಗಿಯ ತೋಳನ್ನು ಕಣ್ಣಿಗೊತ್ತಿಕೊಂಡು ಅತ್ತಿದ್ದೆ. ಅಮ್ಮ ಉಪ್ಪಿನ ಡಬ್ಬಿಯ ಮುಚ್ಚಳವನ್ನು ಹಾಕಿದ ಮೇಲೂ ಇನ್ನೊಮ್ಮೆ ಒತ್ತಿ ನೋಡುತ್ತಿದ್ದಳು ಎಂದಷ್ಟೇ ಅದರಲ್ಲಿತ್ತು. ಅದು ನಮ್ಮಮ್ಮನೇ.

ಆ ಕವನಕ್ಕೆ ಚಪ್ಪಾಳೆ ಬಿತ್ತು, ಬಹುಮಾನ ಬಂತು. ಅಲ್ಲಿಂದ ಶುರು, ಹಾಡಿದ್ದೇ ಹಾಡೋ ಕಿಸಬಾಯಿ ದಾಸ! ಅಮ್ಮನ ಮಡಿಲು, ಅಮ್ಮನ ಕಣ್ಣೀರು, ಅಮ್ಮ ಎಂಬ ಕಡಲು. ನಮ್ಮಮ್ಮ ಅಳುವವಳೇ ಅಲ್ಲ, ಬೈಯುವವಳು. "ಒಂದೇ ಅಳತೆಗೆ ಎಷ್ಟು ಅಂಗಿ ಹೊಲೀತೀಯೋ?" ಎಂದರೆ ನಕ್ಕುಬಿಡುತ್ತಿದ್ದ. ಮೂರು ಪುಸ್ತಕ ಬಂದವು, ನನ್ನ ಕಾಲು ನಿಲ್ಲಲಿಲ್ಲ. ಆದರೂ ಕಾದೆ. ಆ ಮುಚ್ಚಳ ಕಂಡ ಕಣ್ಣು ಎಲ್ಲಿಗೆ ಹೋದೀತು, ಎಂದಾದರೂ ಮರಳಿ ಬಂದೀತು ಎಂಬ ಆಸೆ.

ಮೊನ್ನೆ ಬಂದವನು ಅಮ್ಮನ ಕೊನೆಗಳಿಗೆಯ ಬಗ್ಗೆ ಓದಿದ. ಅದರಲ್ಲಿ ಅಮ್ಮ ಮಗನ ಕೈ ಹಿಡಿದು, "ಬರೆ ಕಂದಾ" ಎಂದು ಹೇಳಿ ಕಣ್ಣು ಮುಚ್ಚುತ್ತಾಳೆ.

ಯಂತ್ರ ನಿಂತಿತು. ಅವನ ಮುಖ ಅರಳಿತು.

"ನೀನು ಅಲ್ಲಿರ್ಲೇ ಇಲ್ವಲ್ಲೋ," ಎಂದೆ. "ನೀನು ಕವಿಗೋಷ್ಠಿಗೆ ಹೋಗಿದ್ದೆ. ಅಮ್ಮ ಹಿಡ್ಕೊಂಡಿದ್ದು ನನ್ನ ಕೈ. 'ಕಿಟಕಿ ಮುಚ್ಚೇ, ಚಳಿ' ಅಂದ್ಲು. ಅಷ್ಟೇ."

"ಕಿಟಕಿ ಮುಚ್ಚು ಅಂದ್ರೆ ಯಾರು ಚಪ್ಪಾಳೆ ಹೊಡೀತಾರೆ ಅಕ್ಕಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಸಪ್ಪೆ ಕವನಗಳನ್ನು ಎಷ್ಟೋ ನುಂಗಿಕೊಂಡಿದ್ದೆ, ಆದರೆ ಇದು ಸಪ್ಪೆಯಲ್ಲ, ಕಳ್ಳತನ. ನನ್ನ ಪಾಲಿಗೆ ಉಳಿದಿದ್ದ ಅಮ್ಮನ ಕೊನೆಯ ಮಾತನ್ನು ಅಳಿಸಿ, ತನಗೆ ಬೇಕಾದ್ದನ್ನು ಅವಳ ಬಾಯಿಗೆ ತುರುಕಿದ್ದ.

"ಆ ಸಾಲು ತೆಗಿ. ಬೇರೇನಾದ್ರೂ ಬರ್ಕೋ, ಅದೊಂದು ಬೇಡ."

ಅವನು ಹಾಳೆಯನ್ನು ಮಡಚಿದ. "ಪುಸ್ತಕ ಅಚ್ಚಾಗಿ ಬಂದಾಯ್ತು ಅಕ್ಕಾ."

"ಮತ್ತೆ ನನ್ಹತ್ರ ಯಾಕೋ ಓದ್ದೆ?"

"ಇದೊಂದೇ ಅಲ್ಲ, ಹಿಂದಿನ ಮೂರೂ ಹಾಗೇನೇ. ಅಚ್ಚಿಗೆ ಕೊಟ್ಟಾದ್ಮೇಲೇ ನಿಂಗೆ ಓದ್ತಿದ್ದೆ." ಅವನ ದನಿಯಲ್ಲಿ ಕರುಣೆಯಿತ್ತು. "ಕಾಯ್ತಾ ಇರ್ತೀಯಲ್ಲ, ಬೇಜಾರಾಗ್ಬಾರ್ದು ಅಂತ."

ಇಷ್ಟು ವರ್ಷ ನಾನೇ ಅವನನ್ನು ಸಹಿಸಿಕೊಂಡಿದ್ದೇನೆ ಎಂದುಕೊಂಡಿದ್ದೆ.

"ಏಳೋ," ಎಂದೆ, "ನಂಗೆ ಕೆಲ್ಸ ಇದೆ."