ನಮ್ಮೂರೋನು

ಹೆಣವನ್ನು ಗುಂಡಿಯ ಪಕ್ಕ ಇಳಿಸುವಷ್ಟರಲ್ಲಿ ಮುನಿಆಂಜನಪ್ಪ ಸ್ಕೂಟರಿನಿಂದ ಇಳಿದೂ ಇಳಿಯದೆ ಕೂಗಿದ: "ಏಯ್, ನಿಲ್ಸ್ರೋ! ಯಾರನ್ನ ಕೇಳಿ ಅಗೆದ್ರಿ?"

"ಅಪ್ಪ ಹೋಗ್ಬಿಟ್ರು, ಅಣ್ಣಾ. ನಿಮ್ಗೆ ಫೋನ್ ಮಾಡ್ದೆ, ಎತ್ಲಿಲ್ಲ," ಎಂದ ಕಿರಣಕುಮಾರ, ಮಣ್ಣು ಹತ್ತಿದ ಕೈ ಒರೆಸಿಕೊಳ್ಳುತ್ತ.

"ಇದು ಕಗ್ಗದಾಸಪುರದೋರ ಸ್ಮಶಾನ, ಬಾಡಿಗೆಗೆ ಬಂದೋರ್ದಲ್ಲ. ನಿಮ್ಮೂರಿಗೆ ತಗೊಂಡೋಗಿ."

ನಿಮ್ಮೂರಂತೆ! ಜಟ್ಟೆಪ್ಪ ಶಹಾಪುರದ ಕಡೆಯಿಂದ ಬಂದು ಇದೇ ಮುನಿಆಂಜನಪ್ಪನ ವಠಾರದಲ್ಲಿ ಮುದುಕನಾದವನು, ಇಲ್ಲಿನ ಅರ್ಧ ಮನೆಗಳಿಗೆ ಪಾಯ ತೋಡಿದವನು. ಅಲ್ಲಿ ಅವನ ಮನೆ ಬಿದ್ದು ಜಾಲಿ ಬೆಳೆದಿದೆ. ಸುಡುವುದು ಅವರ ಜಾತಿಯಲ್ಲಿಲ್ಲ. ಸತ್ತ ಮೇಲಾದರೂ ಆರಡಿ ಮಣ್ಣು ಸಿಕ್ಕೀತೆಂದು ಹೆಂಡತಿ ಸಾಬಮ್ಮ ನಂಬಿದ್ದಳು, ಪಾಪ.

"ಎಲ್ಲಿಗಿ ಒಯ್ಯಲಿ, ಧಣೇರ? ಹೋದ ತಿಂಗಳ ನೀವೇ ನಮ್ಮೂರೋನು ಅಂದಿರಲ್ಲ?" ಎಂದಳು.

*

ಅಂದಿದ್ದು ನಿಜ. ವಾರ್ಡ್ ಎಲೆಕ್ಷನ್ನಿಗೆ ಮುನಿಆಂಜನಪ್ಪನ ಮಗ ಸುನೀಲ್ ನಿಂತಿದ್ದ. ಹಾಸಿಗೆ ಹಿಡಿದಿದ್ದ ಜಟ್ಟೆಪ್ಪನನ್ನು ಮುನಿಆಂಜನಪ್ಪ ತನ್ನ ಕಾರಿನಲ್ಲೇ ಬೂತಿಗೆ ಕರೆದೊಯ್ದ. "ದಾರಿ ಬಿಡ್ರಪ್ಪಾ, ನಮ್ಮೂರೋನು!" ಎಂದು ಹೆಗಲು ಕೊಟ್ಟು ನಡೆಸಿದ. ಅಷ್ಟಕ್ಕೇ ಜಟ್ಟೆಪ್ಪ ಕರಗಿಹೋದ. ವಠಾರಕ್ಕೆ ವಠಾರವೇ ಎದುರು ಪಾರ್ಟಿ ಎಂದು ಕುಣಿಯುತ್ತಿದ್ದಾಗ ಇವನೊಬ್ಬ ಸುನೀಲನಿಗೆ ಒತ್ತಿ ಬಂದು, ಹೆಂಡತಿಯ ಹತ್ತಿರ ಹೇಳಿ ಮಗುವಿನ ಹಾಗೆ ನಕ್ಕಿದ್ದ.

ಸುನೀಲ್ ಸೋತ.

*

"ಅವ್ರು ನಿಮಗೇ ಹಾಕ್ಯಾರ, ಧಣೇರ. ನನ್ನ ಮಗನ ಆಣಿ."

"ಎಲ್ರೂ ಹಂಗೇ ಅಂತೀರ. ಒಳಗೋಗಿ ಯಾರಿಗೆ ಒತ್ತಿದ್ನೋ ಯಾರ್ ಕಂಡವ್ರೆ? ಹೋಗಿ, ಗೆದ್ದೋನ್ನ ಕೇಳ್ರಿ ಜಾಗ."

ಕಿರಣಕುಮಾರ ಗೆದ್ದವನಿಗೂ ಫೋನ್ ಮಾಡಿದ. ಎತ್ತಿದ್ದು ಅವನ ಕಡೆಯವನೊಬ್ಬ. "ಜಟ್ಟೆಪ್ಪನಾ? ಮುನಿಆಂಜನಪ್ಪನ ಕಾರಲ್ಲಿ ಬಂದಿದ್ದೋನಲ್ವಾ?" ಎಂದವನೇ ಕಟ್ ಮಾಡಿದ.

ಹೆಣವನ್ನು ಮತ್ತೆ ಟೆಂಪೋಗೆ ಏರಿಸಿದರು. ಎಲ್ಲಿಗೆ ಎಂದು ಡ್ರೈವರ್ ಕೇಳಿದ. ಸಾಬಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಅಷ್ಟರಲ್ಲಿ ಮುನಿಆಂಜನಪ್ಪನಿಗೆ ಏನೋ ಹೊಳೆಯಿತು. "ಅಯ್ಯಯ್ಯೋ, ತೋಡಿದ ಗುಂಡಿ ಬರಿದೆ ಬಿಡ್ಬಾರ್ದು ಕಣ್ರೋ! ಊರಲ್ಲಿ ಇನ್ನೊಂದು ಹೆಣ ಕೇಳ್ತದೆ."

ಓಡಿಹೋಗಿ ಬೂದುಗುಂಬಳಕಾಯಿ ತಂದರು. ಅರಿಶಿನ ಕುಂಕುಮ ಹಚ್ಚಿ, ಬಿಳಿ ಬಟ್ಟೆ ಸುತ್ತಿ, ಜೋಪಾನವಾಗಿ ಗುಂಡಿಗೆ ಇಳಿಸಿದರು. ಮುನಿಆಂಜನಪ್ಪ ಚಪ್ಪಲಿ ಬಿಟ್ಟು ಮೂರು ಹಿಡಿ ಮಣ್ಣು ಹಾಕಿದ. ಕಾಯಿಗೆ ಕೈ ಮುಗಿದ.

"ಕಿರಣಾ, ಅಗೆದೋನು ನೀನೇ. ಮುಚ್ಚೋಗು."

ಕಿರಣಕುಮಾರ ಟೆಂಪೋದಿಂದ ಇಳಿದು ಬಂದ. ಅಪ್ಪನಿಗೆಂದು ತೋಡಿದ ಗುಂಡಿಯನ್ನು ಕುಂಬಳಕಾಯಿಯ ಮೇಲೆ ಮುಚ್ಚಿ, ಕಾಲಿನಿಂದ ತುಳಿದು ಸಮ ಮಾಡಿದ.