ಮುತ್ಯಾನ ತಂಗಿ

ತನ್ನ ತಂಗಿಯಾಗಿ ತಾನೇ ಹೋಗುವುದು ಹೇಗೆ? ನಾಲವಾರದಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದಾಗಿನಿಂದ ಲುಂಬಿನಿಗೆ ಇದೊಂದೇ ಚಿಂತೆ. ‘ನಾ ಅವನ ತಂಗಿ. ಅಣ್ಣ ಕಳಿಸ್ಯಾನ.’ ಮನಸ್ಸಿನಲ್ಲೇ ಹೇಳಿಕೊಂಡು ನೋಡಿದಳು. ಮನಸ್ಸಿನಲ್ಲಿ ಎಲ್ಲವೂ ಸರಿಯಾಗಿಯೇ ಬರುತ್ತದೆ. ಶಹಾಬಾದಿನ ಕಂಪ್ಯೂಟರ್ ಅಂಗಡಿಯಲ್ಲಿ ಅಷ್ಟೂ ಆಗದಿದ್ದರೆ ತಲೆಯಾಡಿಸಿದರಾಯಿತು. ತಲೆಯಾಡಿಸುವುದರಲ್ಲಿ ಅವಳು ಪಳಗಿದವಳು. ಡಿಗ್ರಿ ಮುಗಿಸಿದ್ದೇ ಹಾಗೆ.

ಎದುರಿನ ಸೀಟಿನಲ್ಲಿ ಅವಳ ಅಜ್ಜಿ, ಆಯಿ ಸಾಬಮ್ಮ, ಹಳೆಯ ಕೌದಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೊಸ ಮಾನಿಟರು ದಾರಿಯಲ್ಲಿ ಕುಲುಕಾಡಬಾರದು, ಸುತ್ತಿ ತರಬೇಕು ಎಂದು ಅವಳೇ ತಂದದ್ದು. ಹಳೆಯದನ್ನು ಕೆಡವಿದ್ದು ಬೆಕ್ಕು. ಪರದೆಯ ಮೇಲೆ ಕೂತ ಹಲ್ಲಿಗೆ ಹಾರಿದ ರಭಸಕ್ಕೆ ಮಾನಿಟರು ಮುಗ್ಗರಿಸಿ ನೆಲಕ್ಕೆ ಬಿದ್ದಿತ್ತು. ನೆಲ ಶಹಾಬಾದಿನ ಪರಸಿ ಕಲ್ಲಿನದು, ಗಾಜು ಉಳಿಯುವ ಮಾತೇ ಇರಲಿಲ್ಲ.

“ಶಾಬಾದ ಕಲ್ಲೇ ಒಡದದ, ಶಾಬಾದಿಗೇ ಹೋಗಿ ತರೂನು,” ಎಂದು ಆಯಿ ಆಗಲೇ ತೀರ್ಪು ಕೊಟ್ಟಿದ್ದಳು.

ಕಂಪ್ಯೂಟರು ಮೊದಲು ಅಣ್ಣ ರತ್ನದೀಪನದು. ಅವನಿಗೆ ಮಳಖೇಡದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕ ಮೇಲೆ ಲುಂಬಿನಿಗೆ ಉಳಿಯಿತು. ಮೊಮ್ಮಗಳು ಅದರ ಮುಂದೆ ಕೂತು ನೌಕರಿಯ ಪರೀಕ್ಷೆಗೆ ಓದುತ್ತಾಳೆಂದು ಆಯಿಯ ನಂಬಿಕೆ. ಓದುತ್ತಿದ್ದಳು, ಮುಂಜಾನೆ. ಸಂಜೆಗೆ ಮನೆಪಾಠದ ಮಕ್ಕಳು ಹೋದ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಶಹಾಬಾದಿನ ಸೊಹೇಲ, ವಾಡಿಯ ಅಸದ ಇಬ್ಬರ ಜೊತೆ ಬಂದೂಕಿನ ಆಟಕ್ಕಿಳಿಯುತ್ತಿದ್ದಳು. ಮೂವರ ತಂಡ. ಅವರಿಬ್ಬರು ಮೈಕಿನಲ್ಲಿ ಕೂಗಾಡುತ್ತಿದ್ದರು, ಇವಳು ಬರೀ ಟೈಪ್ ಮಾಡುತ್ತಿದ್ದಳು. ಅದಕ್ಕೂ ಮೊದಲು ಬೇರೆ ತಂಡವೊಂದರಲ್ಲಿ ಒಂದೇ ಒಂದು ಸಲ ಮೈಕು ಹಚ್ಚಿ “ಬಂದೆ” ಅಂದಿದ್ದಳು. “ಹುಡುಗಿ ಅದಾಳಲೇ,” ಅಂದಿತ್ತು ಒಂದು ದನಿ. ಆಮೇಲೆ ಯಾರೂ ಆಟ ಆಡಲಿಲ್ಲ, ಬರೀ ನಕ್ಕರು.

ಮಾತಿಲ್ಲದೆ ಬರೆದೇ ಹೇಳುವ ಈ ಆಟಗಾರನಿಗೆ ಅಸದ ‘ಮುತ್ಯಾ’ ಎಂದು ಹೆಸರಿಟ್ಟ. ಮೌನ ಹಿಡಿದು ಕೂತ ಸಾಧುವನ್ನು ಈ ಕಡೆ ಕರೆಯುವುದು ಹಾಗೆಯೇ. ಮಾನಿಟರು ಒಡೆದ ಸುದ್ದಿ ತಿಳಿದಾಗ ಸೊಹೇಲ, ‘ಮುತ್ಯಾ, ನಮ್ಮ ಅಂಗಡಿಗೇ ಬಾ, ಬಾಜೂಕ ಬಾಜೂ ಇಟ್ಟು ತೋರಸ್ತೀನಿ’ ಎಂದು ಮೊಬೈಲಿಗೆ ಬರೆದಿದ್ದ. ಅವಳ ಬೆರಳು ತಡೆಯದೆ ಉತ್ತರಿಸಿಬಿಟ್ಟಿತ್ತು: ‘ನನ್ನ ತಂಗಿ ಬರ್ತಾಳ.’

ವಾಡಿ ಇನ್ನೂ ದೂರವಿರುವಾಗಲೇ ಗಾಡಿ ನಿಂತಿತು. ಪಕ್ಕದ ಹಳಿಯ ಮೇಲೆ ಎಕ್ಸ್‌ಪ್ರೆಸ್ಸೊಂದು ಕಿಟಕಿಯ ಸರಳುಗಳನ್ನು ನಡುಗಿಸುತ್ತ ಹಾದುಹೋಯಿತು.

“ಓದಿದೇನು?” ಆಯಿ ಕೇಳಿದಳು.

“ಮುಂಬೈ, ಚೆನ್ನೈ.”

ನಾಲವಾರದಲ್ಲಿ ನಿಲ್ಲದೆ ಹೋಗುವ ಗಾಡಿಗಳ ಬೋರ್ಡು ಓದುವುದು ಅವಳ ಚಿಕ್ಕಂದಿನ ಆಟ. ಬೇರೆ ಮಕ್ಕಳು ಟಾಟಾ ಮಾಡುತ್ತಿದ್ದರು, ಇವಳು ಓದುತ್ತಿದ್ದಳು.

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಸೊಹೇಲನ ಅಂಗಡಿ ಸಿಕ್ಕಿತು. ಗಾಜಿನ ಆಚೆ ಸಾಲಾಗಿ ಬೆಳಗುವ ಪರದೆಗಳು. ದಿನಾ ಕಿವಿಯಲ್ಲಿ ಕೇಳಿದ ದನಿಗೆ ಈಗ ಒಂದು ಮುಖವಿತ್ತು, ದಪ್ಪ ಕನ್ನಡಕವಿತ್ತು, ಅಂಗಿಯ ಜೇಬಿನಲ್ಲೊಂದು ಸ್ಕ್ರೂಡ್ರೈವರಿತ್ತು.

“ನಾಲವಾರದವ್ರೇನ್ರಿ? ಬರ್ರಿ, ಬರ್ರಿ. ನೀವು ಬರ್ತೀರಂತ ಮುತ್ಯಾ ಹೇಳ್ಯಾನ. ಆಯಿ, ಕುಂದ್ರಿ.”

ಲುಂಬಿನಿ ತಲೆಯಾಡಿಸಿದಳು. ಆಯಿ ಕೂರಲಿಲ್ಲ.

“ಯಾವ ಮುತ್ಯಾನಪ್ಪಾ?”

“ನಿಮ್ಮೂರ ಮುತ್ಯಾ, ಆಯಿ. ನಿಮಗ ಮಾಲೂಮಿಲ್ಲೇನು? ಮಾತಾಡಂಗಿಲ್ಲ ನೋಡ್ರಿ. ಏನಿದ್ರೂ ಬರದೇ ಹೇಳ್ತಾನ. ವರ್ಷಾತು, ಅವನ ದನಿ ಹೆಂಗದ ಅಂತ ಯಾರಿಗೂ ಗೊತ್ತಿಲ್ಲ.”

“ಮೌನ ಹಿಡದಾರ?”

“ಹಂಗೇ ಅನ್ರಿ.” ಸೊಹೇಲ ನಕ್ಕ. “ಆದ್ರ ಅವನ ಕಣ್ಣು ಭಾಳ ಚುರುಕು. ಯಾರು ಎಲ್ಲಿಂದ ಬರ್ತಾರ, ಎಲ್ಲಾರಕಿಂತ ಮೊದಲ ಅವಗೇ ಕಾಣತದ.”

ಆಯಿ ಕೌದಿಯನ್ನು ಕಂಕುಳಿಗೆ ಸೇರಿಸಿ ಎರಡೂ ಕೈ ಮುಗಿದಳು. “ಯಪ್ಪಾ, ನಮ್ಮೂರಾಗ ಇಂಥವ್ರು ಅದಾರಂತ ಶಾಬಾದಿಗಿ ಬಂದು ತಿಳೀಬೇಕಾತು. ಈ ಹುಡುಗೀನ್ನ ಒಮ್ಮಿ ಅವರ ಕಾಲಿಗಿ ಹಾಕಬೇಕು ನೋಡು. ಇಕಿ ಬಾಯಿ ಯಾವಾಗ ಬಿಡ್ತಾಳ ಅಂತ ಕೇಳಬೇಕು.”

“ಮೊದಲ ಅವನ ಬಾಯಿ ಬಿಡಸ್ರಿ, ಆಯಿ.”

ಲುಂಬಿನಿ ಕಿವಿಯವರೆಗೆ ಕೆಂಪಾಗಿ ಮಾನಿಟರುಗಳ ಕಡೆ ತಿರುಗಿದಳು.

ಸೊಹೇಲ ಮೂರನ್ನು ಒಂದರ ಪಕ್ಕ ಒಂದು ಇಟ್ಟಿದ್ದ. ದೊಡ್ಡದೊಂದು, ಬಾಗಿದ್ದೊಂದು, ಚಿಕ್ಕದೊಂದು. ಆಯಿ ಗಡಿಗೆ ಪರೀಕ್ಷಿಸುವವಳಂತೆ ಬಾಗಿದ ಪರದೆಯ ಬೆನ್ನಿಗೆ ಬೆರಳ ಗೆಣ್ಣಿನಿಂದ ಕುಟ್ಟಿದಳು.

“ಇದು ಸೊಟ್ಟ ಆಗ್ಯದಲ್ಲೋ ತಮ್ಮಾ. ಸೊಟ್ಟ ಮಾಲು ಯಾಕ ಮಾರ್ತಿ?”

“ಅದು ಸೊಟ್ಟೇ ಬರ್ತದ, ಆಯಿ. ಅದಕ್ಕೇ ತುಟ್ಟಿ.”

“ದೊಡ್ಡದು ತಗೋ ಲುಂಬಿ. ಕಣ್ಣಿಗಿ ತ್ರಾಸಾಗಂಗಿಲ್ಲ.”

ದೊಡ್ಡದು ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಿಸುವಂಥದು, ಮನೆಯಲ್ಲಿ ಒಡೆದು ಬಿದ್ದದ್ದರ ಹಾಗೆ. ಚಿಕ್ಕದು ನೂರ ಎಂಬತ್ತು ಸಲ. ಈ ಚಿಕ್ಕದಕ್ಕಾಗಿಯೇ ಅವಳು ವಾರವೆಲ್ಲ ಮೊಬೈಲಿನಲ್ಲಿ ವಿಡಿಯೋ ನೋಡಿದ್ದಳು, ಕನಸನ್ನೂ ಕಂಡಿದ್ದಳು. ಸೊಹೇಲ ಎರಡರ ಮೇಲೂ ಅಕ್ಷರದ ಸಾಲೊಂದನ್ನು ಓಡಿಸಿದ. ಎರಡರಲ್ಲೂ ಅಕ್ಷರಗಳು ಒಂದೇ ರೀತಿ ಕಲಸಿಕೊಂಡು ಹೋದವು.

“ಎರಡೂ ಒಂದೇ ಅವ,” ಅಂದಳು ಆಯಿ. “ದೊಡ್ಡದೇ ಕಟ್ಟು.”

ಒಂದೇ ಅಲ್ಲ, ಲುಂಬಿನಿಗೆ ಗೊತ್ತು. ಹೇಳಲಿಕ್ಕೆ ಬಾಯಿ ತೆರೆದಳು. ಹೇಳುವ ಬದಲು ಮೌಸಿಗೆ ಕೈ ಹಾಕಿ ಚಿಕ್ಕ ಪರದೆಯ ಮೇಲೆ ಬಾಣದ ಗುರುತನ್ನು ಗಿರಗಿರ ತಿರುಗಿಸಿದಳು. ಗುರುತು ಹಾರಿ ಹಾರಿ ಬಿತ್ತು. ಸೆಟ್ಟಿಂಗಿಗೆ ಹೋದಳು. ಅರವತ್ತಕ್ಕೇ ನಿಂತಿತ್ತು. ನೂರ ಎಂಬತ್ತಕ್ಕೆ ಏರಿಸಿದಳು.

“ಅರೆ, ನಂಗ ಖ್ಯಾಲೇ ಇಲ್ಲ,” ಎಂದು ಸೊಹೇಲ ಹಣೆ ಬಡಿದುಕೊಂಡ. “ಮುತ್ಯಾ ಕಲಸ್ಯಾನೇನ್ರಿ?”

ಅವಳು ತಲೆಯಾಡಿಸಿದಳು. ಆದರೆ ಕಣ್ಣು ಪರದೆಯ ಮೇಲಿತ್ತು. ಅಕ್ಷರದ ಸಾಲು ಈಗ ಪಾಲಿಶ್ ಮಾಡಿದ ಪರಸಿಯ ಮೇಲೆ ನೀರು ಜಾರಿದ ಹಾಗೆ ಓಡುತ್ತಿತ್ತು. ಓಡುತ್ತಿದ್ದರೂ ಒಂದೊಂದು ಅಕ್ಷರವೂ ಅಕ್ಷರವಾಗಿಯೇ ಇತ್ತು. ನಿಲ್ಲದ ಗಾಡಿಯ ಬೋರ್ಡನ್ನು ಯಾರೋ ಅವಳಿಗಾಗಿ ಒರೆಸಿಟ್ಟಂತಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ. ಚಿಕ್ಕದರ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಆಯಿ ಅದನ್ನು ನೋಡಿ, “ಆತು ಬಿಡು, ಇದೇ ಇರಲಿ. ಹಿಡದದ್ದು ಬಿಡಂಗಿಲ್ಲ ಇಕಿ,” ಅಂದಳು.

ಸೊಹೇಲ ಪೆಟ್ಟಿಗೆ ಹುಡುಕುತ್ತ ದನಿ ಇಳಿಸಿದ. “ಒಂದು ಮಾತು ಹೇಳ್ತೀನ್ರಿ, ನಿಮ್ಮ ಅಣ್ಣಗ ನೀವೇ ತಿಳಿಸ್ರಿ. ನಾ ಹೇಳಿದ್ರ ಛಲೋ ಇರಂಗಿಲ್ಲ. ಪರದಾ ಎಷ್ಟು ಜೋರ್ ಇದ್ರೇನು? ಅಂವ ನೋಡ್ಬೇಕು, ಬರೀಬೇಕು, ನಾವು ಓದ್ಬೇಕು. ಅಷ್ಟ್ರಾಗ ನಾವು ಸತ್ತಿರ್ತೀವಿ. ರವಿವಾರ ಸೇಡಂನವ್ರ ಕೂಡ ಮ್ಯಾಚ್ ಅದ. ಮೈಕ್ ಹಚ್ಚಂಗಿಲ್ಲಂದ್ರ ಅವನ ಜಾಗಾಕ ಬ್ಯಾರೆ ಹುಡುಗನ್ನ ತಗೋತೀನಿ ಅಂತ ಅಸದ ಕುಂತಾನ.”

“ಯಾರು ಸಾಯಾಕತ್ತಾರ?” ಆಯಿಯ ಕಿವಿ ಇನ್ನೂ ಗಟ್ಟಿಯಿತ್ತು.

“ಆಟದಾಗ, ಆಯಿ. ಬಂದೂಕಿನ ಆಟ.”

“ಮುತ್ಯಾ ಬಂದೂಕಿನ ಆಟ ಆಡ್ತಾನ?” ಆಯಿ ಮುಗಿದಿದ್ದ ತನ್ನ ಕೈಗಳನ್ನೇ ಒಮ್ಮೆ ನೋಡಿಕೊಂಡಳು. “ಸುಮ್ಮಸುಮ್ಮನೆ ಕೈ ಮುಗಿಸ್ಕೊಂಡ್ಯಲ್ಲೋ ನನ್ನ ಕಡಿಂದ.”

ಸೊಹೇಲ ನಗುತ್ತಿದ್ದ. ಲುಂಬಿನಿ ನಗಲಿಲ್ಲ. ಚಿಕ್ಕ ಪರದೆಯ ಅಂಚು ಇನ್ನೂ ಅವಳ ಕೈಯಲ್ಲೇ ಇತ್ತು. ಇದನ್ನು ಕೌದಿಯಲ್ಲಿ ಸುತ್ತಿ ಮನೆಗೊಯ್ದು, ಹಚ್ಚಿ, ಯಾರ ಜೊತೆ ಆಡುವುದು? ಸಂಜೆಯಾದರೆ ಕಿವಿಯಲ್ಲಿ ಜಗಳಾಡುವ ಆ ಎರಡು ದನಿ ಬಿಟ್ಟರೆ ಅವಳನ್ನು ಯಾವ ಹೆಸರಿನಿಂದಾದರೂ ಕರೆದು ಕಾಯುವವರು ಯಾರಿದ್ದರು?

“ಒಯ್ಯೂಕಿಂತ ಮೊದಲ ಒಮ್ಮಿ ಆಟ ಓಡಿಸಿ ನೋಡೂನ್ರಿ. ಅಸದ ಹೆಂಗೂ ಖಾಲಿ ಅದಾನ.” ಸೊಹೇಲ ಚಿಕ್ಕ ಪರದೆಯ ಮುಂದೆ ಕೂತು, ಮೈಕು ಹಚ್ಚಿ ಆಟ ತೆರೆದ. ಅಸದನ ದನಿ ಸ್ಪೀಕರಿನಲ್ಲಿ ಅಂಗಡಿ ತುಂಬಿತು. “ಏನಲೇ, ಗಿರಾಕಿ ಇಲ್ಲೇನು ಮುಂಜಾನೇ ಆಡ್ಲಿಕತ್ತಿ?”

ಬಯಲು, ಮುರಿದ ಗೋಡೆ, ನೀರಿನ ಟಾಕಿ. ಎಷ್ಟೋ ಸಂಜೆ ಓಡಾಡಿದ ಜಾಗ ಲುಂಬಿನಿಗೆ ಇಷ್ಟು ನಿಚ್ಚಳವಾಗಿ ಯಾವತ್ತೂ ಕಂಡಿರಲಿಲ್ಲ. ಸೊಹೇಲ ಗೋಡೆ ದಾಟಿ ತಿರುಗಿದ. ತಿರುಗುವಾಗ ಎಲ್ಲ ಕಲಸಿಹೋಗುವ ಆ ಕ್ಷಣ ಈ ಪರದೆಯಲ್ಲಿ ಕಲಸಲಿಲ್ಲ. ಟಾಕಿಯ ಕಾಲಿನ ಹಿಂದೆ ಒಂದು ಭುಜ. ಅವಳ ಬೆರಳುಗಳು ಗಾಳಿಯಲ್ಲೇ ಕೀಬೋರ್ಡಿನ ಕೀಲಿಗಳನ್ನು ಹುಡುಕಿದವು. ಕೀಲಿಗಳಿರಲಿಲ್ಲ.

“ಎಡಕ್ಕ, ಎಡಕ್ಕ. ಟಾಕಿ ಹಿಂದ ಒಬ್ಬ ಅದಾನ.”

ಸೊಹೇಲ ಕೇಳಿದವನೇ ತಿರುಗಿ ಹೊಡೆದ. ಭುಜ ಕೆಳಗೆ ಬಿತ್ತು. ಆಮೇಲಷ್ಟೇ ಅವನು ಕನ್ನಡಕ ಸರಿಮಾಡಿಕೊಂಡು ಹಿಂದೆ ನೋಡಿದ.

“ಯಾರಲೇ ಅದು ಹೇಳ್ದವ್ರು?” ಸ್ಪೀಕರಿನಲ್ಲಿ ಅಸದ.

“ಮುತ್ಯಾನ ತಂಗಿ. ಅಂಗಡಿಗಿ ಬಂದಾರ.”

“ಹಂಗಂದ್ರ ಅಣ್ಣನ್ನ ಮನಿಗಿ ಕಳಸು. ಇವರನ್ನೇ ಕುಂದರ್ಸು.”

“ಎಲ್ಲೀ ಅಣ್ಣ?” ಆಯಿ ಸ್ಪೀಕರಿನ ಕಡೆಗೇ ಬಾಗಿ ಕೇಳಿದಳು. “ಇಕಿಗಿ ಇರೋದು ಒಬ್ಬನೇ ಅಣ್ಣ. ಮಳಖೇಡದಾಗ ಅದಾನ. ಅಂವ ಮಾತಿಗಿ ನಿಂತಾಂದ್ರ ಗಾಡಿ ಹೋಗಿಬಿಡ್ತದ. ಅಂವ ಯಾವಾಗ ಮೌನ ಹಿಡದ?”

ಸೊಹೇಲ ಲುಂಬಿನಿಯನ್ನೇ ನೋಡುತ್ತಿದ್ದ. ಆಮೇಲೆ ಅವನೇ ಅವಳಿಗೊಂದು ದಾರಿ ಮಾಡಿಕೊಟ್ಟ.

“ಮನ್ಯಾಗ ಮಾತಾಡ್ತಾನ, ಆಟದಾಗ ಸುಮ್ಮ ಇರ್ತಾನ. ಹೌದಲ್ರಿ?”

ಒಂದು ಸಲ ತಲೆಯಾಡಿಸಿದರೆ ಮುಗಿಯುತ್ತಿತ್ತು. ಗದ್ದ ಆಗಲೇ ಕೆಳಗಿಳಿಯತೊಡಗಿತ್ತು. ಲುಂಬಿನಿ ಅದನ್ನು ನಡುವೆಯೇ ತಡೆದಳು. ಪರದೆಯಲ್ಲಿ ಸೊಹೇಲನ ಆಟಗಾರ ಗುಂಡು ಹಾರಿಸಿದ ಜಾಗದಲ್ಲೇ ನಿಂತಿದ್ದ. ಅವನ ಕಾಲ ಬುಡದ ಹುಲ್ಲು ಎಳೆ ಎಳೆಯಾಗಿ, ಎಲ್ಲೂ ತುಂಡಾಗದೆ ತೂಗುತ್ತಿತ್ತು.

“ಅಣ್ಣ ಅಲ್ಲ,” ಅಂದಳು. ದನಿ ಅಷ್ಟು ದೊಡ್ಡದಿರಲಿಲ್ಲ, ಆದರೆ ವಾಡಿಯವರೆಗೆ ಕೇಳಿಸಿತು. “ಮುತ್ಯಾ ನಾನೇ.”