ಎತ್ತಿನ ಸೋಮವಾರ

ಒಂದು ಜೋಡಿ ಎತ್ತಿಗೆ ವಾರಕ್ಕೆ ಹಿಂಡಿ, ಹತ್ತಿಕಾಳು ಅಂತ ಹನ್ನೆರಡು ರೂಪಾಯಿ. ಜೋಳದ ಕಣಿಕೆ ಮೇವಿಗೆ ಏಳು. ನಾಲು, ಹಗ್ಗ, ಗಾಲಿಗೆ ಎಣ್ಣೆ ಅಂತ ಇನ್ನೆರಡು. ಇದೆಲ್ಲ ಹೋಗಿ ಉಳಿದರೆ ಖಂಡೆಪ್ಪನ ಮನೆಗೆ ಜೋಳ. ಎತ್ತು ತಿನ್ನುವುದು ಏಳು ದಿನ, ದುಡಿಯುವುದು ಆರೇ ದಿನ. ಸೋಮವಾರ ಎತ್ತು ಬಸವಣ್ಣನದು, ಅಂದು ಅದರ ಹೆಗಲಿಗೆ ನೊಗ ಇಡುವಂತಿಲ್ಲ. ಖಂಡೆಪ್ಪನ ಅಪ್ಪ ಇಟ್ಟಿರಲಿಲ್ಲ, ಅವನಪ್ಪನೂ ಇಟ್ಟಿರಲಿಲ್ಲ. ಆ ಒಂದು ದಿನದ ಮೇವನ್ನು ಖಂಡೆಪ್ಪ ಎಂದೂ ಖರ್ಚೆಂದು ಹಿಡಿದವನಲ್ಲ.

ಬಾಬುಲಾಲ ಸಾವಕಾರನ ಗೋದಾಮು ಸ್ಟೇಷನ್ನಿನಿಂದ ಒಂದು ಮೈಲಿ. ಬಾಗೇವಾಡಿ ಸೀಮೆಯ ಉಳ್ಳಾಗಡ್ಡಿ ಅಲ್ಲಿ ಬಂದು ಕೂಡುತ್ತಿತ್ತು. ಅಲ್ಲಿಂದ ಖಂಡೆಪ್ಪನ ಗಾಡಿ ಹತ್ತಿ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ವ್ಯಾಗನ್ನಿನಲ್ಲಿ ಪರವೂರಿಗೆ. ಎಪ್ಪತ್ತಾರನೆಯ ಇಸವಿಯಲ್ಲಿ ಖಾಜಾಸಾಬನೆಂಬ ಹುಡುಗ ಹಳೆಯ ಲಾರಿಯೊಂದನ್ನು ತಂದ ಮೇಲೆ ಸಾವಕಾರನ ಕಣ್ಣು ಅದರ ಮೇಲೆ ಬಿತ್ತು. ಈ ಸಾಗಾಟ ಕೈಬಿಟ್ಟರೆ ತನಗೆ ಬೇರೆ ಕೆಲಸವಿಲ್ಲ ಎಂಬುದು ಖಂಡೆಪ್ಪನಿಗೆ ಗೊತ್ತಿತ್ತು.

ಮಂಗಳವಾರ ಬರಬೇಕಿದ್ದ ವ್ಯಾಗನ್ ಒಮ್ಮೆ ಸೋಮವಾರ ಮುಂಜಾನೆಯೇ ಬಂದು ನಿಂತಿತು. ಗೋದಾಮಿನಲ್ಲಿ ಇನ್ನೂ ಹನ್ನೆರಡು ಚೀಲ ಉಳಿದಿದ್ದವು. ಲಾರಿ ಸಿಂದಗಿಗೆ ಹೋಗಿತ್ತು.

"ಗಾಡಿ ಹೂಡೋ ಖಂಡೆಪ್ಪ," ಎಂದು ಬಾಬುಲಾಲ ಮನೆ ಬಾಗಿಲಿಗೇ ಬಂದ.

"ಇವತ್ತ ಸೋಮಾರ್ರೀ ಸಾವಕಾರ್ರ."

"ಸೋಮಾರ ನಿನ್ನ ಎತ್ತಿಗೆ. ರೈಲಿಗೆ ಐತೇನು? ಹೊತ್ತ ಮುಳುಗೂದ್ರಾಗ ಚೀಲ ಹೋಗದಿದ್ರ ನಾಳಿಂದ ಎಲ್ಲಾ ಲಾರಿಗೆ ಕೊಡ್ತೇನಿ. ಲಾರಿಗೆ ಯಾವ ದೇವರ ವಾರಾನೂ ಇಲ್ಲ."

ಅವನು ಹೋದ ಮೇಲೆ ಖಂಡೆಪ್ಪ ಕೊಟ್ಟಿಗೆಗೆ ಹೋಗಿ ಎತ್ತಿನ ಮುಂದೆ ಕಣಿಕೆ ಹಾಕಿದ. ಆಮೇಲೆ ಹೆಂಡತಿಯನ್ನು ಕರೆದ. "ಗುರವ್ವ, ಎತ್ತಿಗೆ ಸೋಮಾರ ಐತಿ. ನಮಗೇನೂ ಇಲ್ಲಲಾ?"

ಗುರವ್ವ ಸೀರೆ ಎತ್ತಿ ಕಟ್ಟಿದಳು. ನೊಗಕ್ಕೆ ಖಂಡೆಪ್ಪ ಎದೆ ಕೊಟ್ಟ, ಹಿಂದಿನಿಂದ ಅವಳು ನೂಕಿದಳು. ನಾಲ್ಕು ಚೀಲಕ್ಕಿಂತ ಹೆಚ್ಚು ಹೇರಿದರೆ ಗಾಡಿ ಅಲುಗಲಿಲ್ಲ. ಎರಡು ಸಲ ಹೋಗಿ ಬಂದು ಮೂರನೆಯ ಖೇಪಿಗೆ ಏರಿನಲ್ಲಿ ಉಸಿರು ಕಟ್ಟಿ ನಿಂತಾಗ, ಸಿಂದಗಿಯಿಂದ ತಿರುಗಿ ಬರುತ್ತಿದ್ದ ಖಾಜಾಸಾಬ ಲಾರಿ ನಿಲ್ಲಿಸಿದ.

"ಖಂಡೆಪ್ಪ ಕಾಕಾ, ಕೊಂಬ ಎಲ್ಲಿ ಮರತ ಬಂದಿ?"

"ಮನ್ಯಾಗ ಮೇಯಾಕತ್ತಾವಪ್ಪ."

"ಹಾಕ ಲಾರಿ ಮ್ಯಾಲೆ. ಪುಕ್ಕಟೆ ಒಯ್ತೇನಿ. ಕಾಕಿ ಮುಖ ನೋಡಲಾ, ಹೆಂಗಾಗೇತಿ."

"ಬ್ಯಾಡೋ ಹುಡುಗಾ. ಇವತ್ತ ನಿನ್ನ ಲಾರಿ ಮ್ಯಾಲೆ ಹಾಕಿದ್ರ ನಾಳೆ ಕೆಳಗ ಇಳಸಾಕ ನನಗ ಆಗೂದಿಲ್ಲ."

ಹೊತ್ತು ಮುಳುಗುವ ಮುಂಚೆ ಹನ್ನೆರಡೂ ಚೀಲ ವ್ಯಾಗನ್ ಸೇರಿದವು. ಬಾಬುಲಾಲ ಮಾತು ಉಳಿಸಿಕೊಂಡ. ಸಾಗಾಟ ಖಂಡೆಪ್ಪನಿಗೇ ಅಂದ. ಆ ರಾತ್ರಿ ಖಂಡೆಪ್ಪ ಎತ್ತಿಗೆ ಒಂದು ಹಿಡಿ ಹಿಂಡಿ ಹೆಚ್ಚೇ ಇಟ್ಟ, ತಾನು ಗೆದ್ದೆ ಎಂದುಕೊಂಡ.

ಅವನ ತಪ್ಪು ಅಲ್ಲೇ ಇತ್ತು. ಆಗದು ಅಂದಿದ್ದರೆ ಸೋಮವಾರ ಉಳಿಯುತ್ತಿತ್ತು, ಕೆಲಸ ಹೋಗುತ್ತಿತ್ತು. ಆಗುತ್ತದೆ ಎಂದು ತೋರಿಸಿಬಿಟ್ಟಿದ್ದ. ಮುಂದಿನ ವ್ಯಾಗನ್ನಿಗೆ ಬಾಬುಲಾಲ ಸ್ಟೇಷನ್ನಿನಲ್ಲಿ ಸೋಮವಾರವನ್ನೇ ಬರೆಸಿದ. ಆ ದಿನ ಎತ್ತಿನ ಗಾಡಿ ಸಿಗದ ಕಾರಣ ಉಳಿದ ವ್ಯಾಪಾರಿಗಳು ಕೇಳುತ್ತಿರಲಿಲ್ಲವಾದ್ದರಿಂದ ವ್ಯಾಗನ್ ಬೇಗ ಸಿಗುತ್ತಿತ್ತು.

"ಹೋದ ವಾರ ಹನ್ನೆರಡ ಚೀಲ ಎಳದ್ರಿ. ಈ ವಾರ ಇಪ್ಪತ್ತ," ಎಂದ.

"ಅದು ಒಂದ ಸಲದ್ದ ಅಡಚಣಿ ಇತ್ರೀ."

"ಎಳದದ್ದು ಖರೆ ಹೌದಿಲ್ಲೋ?"

ಅಂದಿನಿಂದ ಸೋಮವಾರ ಬಂದರೆ ಗಂಡಹೆಂಡಿರು ಗಾಡಿಗೆ, ಎತ್ತು ಕೊಟ್ಟಿಗೆಯಲ್ಲಿ. ದಾರಿಯಲ್ಲಿ ಹೋಗುವವರು ಮೊದಮೊದಲು ನಕ್ಕರು. ಆಮೇಲೆ ನಗುವುದನ್ನೂ ಬಿಟ್ಟರು. ನಾಲ್ಕನೆಯ ಸೋಮವಾರ ಏರಿನಲ್ಲಿ ಖಂಡೆಪ್ಪನ ಕಾಲು ಜಾರಿತು, ಗಾಡಿ ಹಿಂದಕ್ಕೆ ಸರಿಯಿತು. ಗುರವ್ವನ ಪಾದ ಗಾಲಿಯ ಕೆಳಗೆ ಸಿಕ್ಕಿತು.

ಖಾಜಾಸಾಬನೇ ಲಾರಿಯಲ್ಲಿ ಅವಳನ್ನು ದವಾಖಾನೆಗೆ ಒಯ್ದ. ಪುಕ್ಕಟೆ. ಖಂಡೆಪ್ಪ ಈ ಸಲ ಬ್ಯಾಡ ಅನ್ನಲಿಲ್ಲ.

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಗುರವ್ವ ಕೊಟ್ಟಿಗೆಯ ಕಡೆ ನೋಡುತ್ತ ಹೇಳಿದಳು. ಸಿಟ್ಟಿನಿಂದಲ್ಲ. "ಎತ್ತಿಗೆ ಬಸವಣ್ಣ ಅದಾನ್ರಿ. ನನಗ್ಯಾರ ಅದಾರ?"

ಮುಂದಿನ ಸೋಮವಾರ ಖಂಡೆಪ್ಪ ಗಾಡಿಗೆ ಹೂಡಲೆಂದು ಎತ್ತಿನ ಹಗ್ಗ ಬಿಚ್ಚಿದ. ದಿನಾ ನೊಗ ಎತ್ತಿ ಹಿಡಿದರೆ ತಾವೇ ಬಂದು ಕುತ್ತಿಗೆ ಕೊಡುವ ಎತ್ತುಗಳು ಅಂದು ಮೆಲುಕು ಹಾಕುತ್ತ ಮಲಗಿಯೇ ಇದ್ದವು. ಬಾಯಿಯಿಂದ ಹೇಳಿದ, ಬಾಲ ಹಿಂಡಿದ, ಏಳಲಿಲ್ಲ. ಕೊನೆಗೆ ಗೋಡೆಗೆ ಸಿಕ್ಕಿಸಿದ್ದ ಬಾರಕೋಲು ತಂದು ಎರಡಕ್ಕೂ ಬಿಗಿದ. ಒಳಗೆ ಮಲಗಿದ್ದ ಗುರವ್ವ ಸಪ್ಪಳ ಕೇಳಿ ಮುಖ ಗೋಡೆಯ ಕಡೆ ತಿರುಗಿಸಿದಳು. ಎತ್ತು ಎದ್ದವು.

ಆ ಹಂಗಾಮು ಮುಗಿಯುವ ತನಕ ಸಾಗಾಟ ಖಂಡೆಪ್ಪನ ಕೈಯಲ್ಲೇ ಉಳಿಯಿತು. ಮರುವರ್ಷ ಬಾಬುಲಾಲ ಅದನ್ನು ಲಾರಿಗೇ ಕೊಟ್ಟ. ಖಂಡೆಪ್ಪ ಎತ್ತು ಮಾರಿ, ಅದೇ ಲಾರಿಗೆ ಚೀಲ ಹೇರುವ ಹಮಾಲಿ ಹಿಡಿದ. ಗುರವ್ವ ಕುಂಟುತ್ತಲೇ ಉಳಿದಳು. ಎತ್ತು ಕೊಂಡವನು ಮುದ್ದೇಬಿಹಾಳದ ಕಡೆಯವನು. ಸೋಮವಾರ ಹೂಡಿದರೂ ಎಳೆಯುತ್ತವೆಯೇ ಎಂದು ಕೇಳಿದ್ದ. ಖಂಡೆಪ್ಪ ಹೌದು ಎಂದದ್ದಕ್ಕೆ ಐವತ್ತು ರೂಪಾಯಿ ಹೆಚ್ಚು ಕೊಟ್ಟ.